ಫಿನ್ಲೆಂಡಿನ ದಾಯಾದಿಗಳು

೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಅನುಜ್ ಇಮೇಲ್ ಕಳಿಸಿದ್ದಾನೆ. ನನಗೆ ಮಾತ್ರ, ನಮ್ಮ ಮನೆಯವರಾದ ರೇವಣಪ್ಪನವರಿಗೆ ಅಲ್ಲ. ಮೂವತ್ತು ದಾಟಿದ ಈ ಮಹಾಶಯ ಈಗ ನಮ್ಮ ಶಿಕಾಗೊ ಕನ್ನಡ ಕೂಟದ ಕಾರ್ಯಕ್ರಮಗಳ ಉಸ್ತುವಾರಿ. ಇವನ ನಾಮಕರಣಕ್ಕೆ ಹೋಗಿ ತೊಟ್ಟಿಲು ತೂಗಿ ಬಂದವಳು ನಾನು. ಅವನು ಬರೆದದ್ದನ್ನು ಹಾಗೆಯೇ ಇಳಿಸಿಕೊಳ್ಳುತ್ತೇನೆ, ನಾಳೆ ನನಗೇ ಅನುಮಾನ ಬರಬಾರದು.

"ಆಂಟಿ, ಅಂಕಲ್ ಟಾಪಿಕ್ ಬಗ್ಗೆ ಕಮಿಟೀಲಿ ಸ್ವಲ್ಪ ಕನ್ಸರ್ನ್ ಇದೆ. ಅವರ ಥಿಯರಿಗೆ ಆಪೋಸಿಟ್ ಆಗಿ ಜುಲೈನಲ್ಲಿ ಒಂದು ದೊಡ್ಡ ಪೇಪರ್ ಬಂದಿದೆ, ಅಟ್ಯಾಚ್ ಮಾಡಿದೀನಿ. ನೀವೇ ಅವರಿಗೆ ಜೆಂಟಲ್ ಆಗಿ ಹೇಳಿ ಪ್ಲೀಸ್. ವಚನದ ಬಗ್ಗೆ ಮಾತಾಡಿದ್ರೆ ಸೇಫ್."

ಸೇಫ್ ಅಂತೆ! ನಲವತ್ತು ವರ್ಷದಿಂದ ಒಬ್ಬ ಮನುಷ್ಯ ಒಂದು ವಿಚಾರ ಹಿಡಿದು ಕೂತಿದ್ದಾರೆ, ಅದನ್ನು ಬಿಡಿಸಲು ಇವನಿಗೆ ಒಂದು ಅಟ್ಯಾಚ್‌ಮೆಂಟ್ ಸಾಕು. ಅದನ್ನೂ ತಾನು ಹೇಳುವುದಿಲ್ಲ, ಹೆಂಡತಿಯ ಬಾಯಲ್ಲಿ ಹೇಳಿಸುತ್ತಾನೆ. ಅವನಿಗೆ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಅದು ಜೆಂಟಲ್ ಆಗಿ ಇರುತ್ತಿರಲಿಲ್ಲ.

ವಿಚಾರ ಇಷ್ಟು: ಫಿನ್ಲೆಂಡಿನವರೂ ಕನ್ನಡಿಗರೂ ದಾಯಾದಿಗಳು. ಫಿನ್ನಿಶ್, ಎಸ್ಟೋನಿಯನ್, ಹಂಗೇರಿಯನ್, ಸೈಬೀರಿಯಾದ ಇನ್ನೂ ಕೆಲವು ಭಾಷೆಗಳು ಸೇರಿ ಯುರಾಲಿಕ್ ಎಂಬ ಕುಟುಂಬ. ಅವಕ್ಕೂ ನಮ್ಮ ದ್ರಾವಿಡ ಭಾಷೆಗಳಿಗೂ ನಂಟಿರಬಹುದೆಂದು ನೂರೈವತ್ತು ವರ್ಷದ ಹಿಂದೆ ಕೆಲವು ಪಂಡಿತರು ಊಹಿಸಿದ್ದರು. ಪಂಡಿತರು ಊಹಿಸಿ ಬಿಟ್ಟರು, ನಮ್ಮ ಮನೆಯವರು ಹಿಡಿದುಕೊಂಡರು. ಭಾಷೆ ಮಾತ್ರವಲ್ಲ ರಕ್ತವೂ ಒಂದೇ, ಕ್ಯಾಸ್ಪಿಯನ್ ಸಮುದ್ರದ ಹತ್ತಿರ ಎಲ್ಲೋ ಇಬ್ಬರ ಹಿರೀಕರೂ ಒಂದೇ ಒಲೆಯ ಮುಂದೆ ಕೂತಿದ್ದರು ಎಂಬುದು ಇವರ ಸೇರ್ಪಡೆ. ನಾನು ಇದನ್ನು ಯಾವತ್ತೂ ನಂಬಿದವಳಲ್ಲ, ಒಂದು ಹಾಳೆ ಓದಿದವಳೂ ಅಲ್ಲ. ಇವರು ಫಿನ್ಲೆಂಡ್ ಎಂದು ಬಾಯಿ ತೆಗೆದರೆ ನಾನು ಎದ್ದು ಹೋಗಿ ಕುಕ್ಕರ್ ಇಡುತ್ತಿದ್ದೆ.

ನವೆಂಬರ್ ಎಂಟಕ್ಕೆ ಶಿಕಾಗೊ, ಡೆಟ್ರಾಯಿಟ್ ಎರಡೂ ಕಡೆಯವರು ಸೇರಿ ಮಿಶಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ರಾಜ್ಯೋತ್ಸವ ಮಾಡುತ್ತಾರೆ. ಅಲ್ಲಿ ಇವರಿಗೆ ನಲವತ್ತು ನಿಮಿಷ ಸಿಕ್ಕಿದೆ. ಮುನ್ನೂರು ಜನ ಬರುತ್ತಾರೆ. ನಿವೃತ್ತಿಯಾದ ಮೇಲೆ ಇವರು ತಾವಾಗಿಯೇ ಒಂದು ಹೊಸ ಷರ್ಟ್ ಕೊಂಡದ್ದು ಇದೇ ಮೊದಲು.

೧೫ ಸೆಪ್ಟೆಂಬರ್, ಸೋಮವಾರ

ಅನುಜ್ ಕಳಿಸಿದ ಸಂಶೋಧನೆಯ ಪೇಪರ್ ಓದಿದೆ. ಎರಡು ಸಲ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಆಗಿದ್ದವಳಿಗೆ ಅಂಕಿಅಂಶದ ಹೆದರಿಕೆ ಇಲ್ಲ.

ನೂರೆಂಬತ್ತು ಪ್ರಾಚೀನ ಮನುಷ್ಯರ ಅಸ್ಥಿಗಳಿಂದ ಡಿಎನ್‌ಎ ತೆಗೆದಿದ್ದಾರೆ. ಯುರಾಲಿಕ್ ಮಾತಾಡುವವರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಸಾಮಾನ್ಯವಾದ ಒಂದು ಎಳೆ ಇದೆ, ಅದರ ಜಾಡು ಹಿಡಿದು ಹೋದರೆ ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಯಾಕೂಟಿಯಾ ಸಿಗುತ್ತದೆ. ಸೈಬೀರಿಯಾದ ಈಶಾನ್ಯ ಮೂಲೆ, ಲೀನಾ ನದಿಯ ಸೀಮೆ. ಅಲ್ಲಿಂದ ಅವರು ಪಶ್ಚಿಮಕ್ಕೆ ನಡೆದಿದ್ದಾರೆ, ದಾರಿಯಲ್ಲಿ ಸಿಕ್ಕವರನ್ನು ಮದುವೆಯಾಗಿದ್ದಾರೆ. ಫಿನ್‌ಗಳಲ್ಲಿ ಆ ಎಳೆ ಹತ್ತರಲ್ಲಿ ಒಂದು ಪಾಲು ಉಳಿದಿದೆ, ಇಂದಿನ ಹಂಗೇರಿಯವರಲ್ಲಿ ಹುಡುಕಿದರೂ ಸಿಗದಷ್ಟು. ಕ್ಯಾಸ್ಪಿಯನ್ ಇಲ್ಲ. ಒಲೆ ಇಲ್ಲ. ನಾವಂತೂ ಇಲ್ಲವೇ ಇಲ್ಲ.

ಕೆಲಸದಲ್ಲಿ ನನಗೊಂದೇ ನಿಯಮವಿತ್ತು. ಕಂಡದ್ದನ್ನು ಕಂಡ ದಿನವೇ ಬರೆದು ಕಳಿಸಬೇಕು. ಸರ್ಜನ್‌ಗಳು ಫೋನ್ ಮಾಡಿ, ಪೇಶೆಂಟ್ ಮನೆಯಲ್ಲಿ ಮದುವೆ ಇದೆ, ರಿಪೋರ್ಟ್ ಸೋಮವಾರ ಕೊಟ್ಟರಾಗದೇ ಎಂದು ಕೇಳಿದಾಗ ಅವರಿಗೆ ಬೈದಿದ್ದೇನೆ. ರಿಪೋರ್ಟ್ ತಡೆದವನನ್ನು ನಾನು ಡಾಕ್ಟರ್ ಎಂದು ಕರೆದದ್ದಿಲ್ಲ. ಸಂಜೆ ಊಟಕ್ಕೆ ಕೂತಾಗ ಹೇಳುತ್ತೇನೆ.

೧೬ ಸೆಪ್ಟೆಂಬರ್

ಹೇಳಲಿಲ್ಲ.

ಊಟಕ್ಕೆ ಕೂತರು. ಬಲಗೈ ಪ್ಲಾಸ್ಟರ್‌ನಲ್ಲಿದೆ, ಎಡಗೈಯಲ್ಲಿ ಜೋಳದ ರೊಟ್ಟಿ ಮುರಿಯಲು ಹೋಗಿ ಇಡೀ ರೊಟ್ಟಿ ತಟ್ಟೆಯಿಂದ ಹೊರಗೆ ಹಾರಿತು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಏಣಿ ಹಾಕಿ ಸೂರಂಚಿನ ಗಟರ್ ಕ್ಲೀನ್ ಮಾಡುತ್ತೇನೆಂದು ಹತ್ತಿದವರಿಗೆ ಹೀಗೇ ಆಗಬೇಕು. ಮೇಪಲ್ ಎಲೆ ಇನ್ನೂ ಉದುರುವುದಕ್ಕೇ ಶುರುವಾಗಿರಲಿಲ್ಲ! ಆ ಸಿಟ್ಟು ಇನ್ನೂ ಇಳಿದಿಲ್ಲ, ಅದರ ಮೇಲೆ ಇದು. ಮಣಿಕಟ್ಟು ಮುರಿದುಕೊಂಡವರಿಗೆ ಅದೇ ತಿಂಗಳು ಇದನ್ನೂ ಹೇಳುವುದು ಹೇಗೆ?

"ಭಾಷಣ ಬರೀಬೇಕು, ಕೈ ಹಿಂಗ ಆಗೇತಿ" ಎಂದರು. ನಾನು ಟೈಪ್ ಮಾಡಿ ಕೊಡುತ್ತೇನೆ ಎಂದೆ.

"ಡಾಕ್ಟರ್‌ಬಾಯಾರ, ಇವತ್ತ ಸೂರ್ಯ ಯಾವ ಕಡಿಂದ ಹುಟ್ಯಾನ?"

"ಹೇಳೂದಿದ್ರ ಹೇಳ್ರಿ, ಇಲ್ಲಾಂದ್ರ ನನಗ ಬ್ಯಾರೆ ಕೆಲಸ ಅದಾವ."

ನನ್ನ ಉಪಾಯ ಬೇರೆ. ಟೈಪ್ ಮಾಡುತ್ತ ಮಾಡುತ್ತ ರಕ್ತ, ಒಲೆ, ಹಿರೀಕರ ಮಾತೆಲ್ಲ ಒಂದೊಂದಾಗಿ ಕಳಚಿ ಹಾಕುತ್ತೇನೆ. ಕೊನೆಗೆ ಉಳಿಯುವುದು ಯಾರೂ ನಗಲಾರದಂಥ ಸಪ್ಪೆ ಭಾಷಣ. ಆಗ ಪೇಪರ್ ವಿಷಯ ಹೇಳುವ ಅಗತ್ಯವೇ ಇರುವುದಿಲ್ಲ.

೧೯ ಸೆಪ್ಟೆಂಬರ್, ಶುಕ್ರವಾರ

ಮೂರು ದಿನದಿಂದ ಮುಂಜಾನೆ ಏಳಕ್ಕೆ ಕೂರುತ್ತಿದ್ದೇವೆ. ಒಂಬತ್ತರವರೆಗೆ. ಇವರು ಹೇಳುವುದು ಹೊಳೆಯ ಹಾಗೆ, ನಿಲ್ಲಿಸುವುದೇ ಕಷ್ಟ.

ಇವತ್ತು ಟೊಯ್ವೊನ ಕಥೆ ಬಂತು. ನಾನು ಅಮೆರಿಕೆಗೆ ಬಂದಾಗ ನನಗೆ ಸಿಕ್ಕ ಬಳುವಳಿ ಈ ಕಥೆ, ನೂರು ಸಲ ಕೇಳಿದ್ದೇನೆ. ೧೯೮೩ರ ಚಳಿಗಾಲ, ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಒಂದು ಗೇರ್ ಕಾರ್ಖಾನೆ. ಗದಗಿನಿಂದ ಬಂದ ರೇವಣಪ್ಪ, ಮಿಶಿಗನ್ನಿನ ಉತ್ತರ ತುದಿಯ ತಾಮ್ರದ ಗಣಿ ಊರಿನಿಂದ ಬಂದ ಫಿನ್ನಿಶ್ ಮೂಲದ ಟೊಯ್ವೊ, ಇಬ್ಬರದೂ ಪಕ್ಕಪಕ್ಕದ ಮೇಜು. ಟೊಯ್ವೊ ತೀರಿಕೊಂಡು ಹದಿನಾರು ವರ್ಷವಾಯಿತು. ಕಥೆಗೆ ಮಾತ್ರ ಮುಪ್ಪಿಲ್ಲ.

ಆದರೆ ಟೈಪ್ ಮಾಡುವವರು ಪ್ರತಿ ಶಬ್ದದ ಮೇಲೂ ಬೆರಳಿಡಬೇಕಲ್ಲ. ನವೆಂಬರಿನಿಂದ ಫೆಬ್ರುವರಿಯವರೆಗೆ ಇವರು ಕನ್ನಡದ ಒಂದು ಶಬ್ದ ಕೇಳಿರಲಿಲ್ಲವಂತೆ. ಆಗಿನ್ನೂ ಊರಲ್ಲೇ ಇದ್ದ ನನ್ನ ಕಾಗದ ಬರಲು ಮೂರು ವಾರ ಹಿಡಿಯುತ್ತಿತ್ತು, ಅದೂ ಮೌನವಾಗಿಯೇ ಓದಬೇಕು. ಒಂದು ದಿನ ಟೊಯ್ವೊ ತಾಯಿಗೆ ಫೋನ್ ಮಾಡಿ ಅವರ ಭಾಷೆಯಲ್ಲಿ ಮಾತಾಡುತ್ತಿದ್ದ. ಇವರಿಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತ ನಿಂತುಬಿಟ್ಟರು. "ನಮ್ಮ ಓಣ್ಯಾಗ ಯಾರೋ ದೂರ ನಿಂತು ಮಾತಾಡಿದಂಗಿತ್ತು" ಎಂದು ಬರೆಸಿದರು.

ವಿದ್ವತ್ತಿನ ಭಾಷಣದಲ್ಲಿ ಇದೇಕೆ ಎಂದು ಆ ಪ್ಯಾರಾ ಅಳಿಸಿದೆ. ಮಧ್ಯಾಹ್ನ ಮತ್ತೆ ಹಾಕಿದೆ. ಪುಟ ತುಂಬಬೇಕಲ್ಲ.

೨೩ ಸೆಪ್ಟೆಂಬರ್

ಬೋಲಿಂಗ್‌ಬ್ರೂಕ್‌ನ ದಿನೇಶ್ ನಮ್ಮ ಕೂಟದ ಅಧ್ಯಕ್ಷ. ಅವನು ವಾಟ್ಸಾಪ್ ಗ್ರೂಪಿನಲ್ಲಿ ಆ ಪೇಪರಿನ ಸುದ್ದಿ ಹಾಕಿದ್ದಾನೆ. ಕೆಳಗೆ ಒಂದು ಸಾಲು: "ನಮ್ಮ ರೇವಣಪ್ಪ ಅಂಕಲ್ ದಾಯಾದಿಗಳು ಸೈಬೀರಿಯಾದವರಂತೆ, ಯಾರಾದ್ರೂ ಅಂಕಲ್‌ಗೆ ಸ್ವೆಟರ್ ಕಳಿಸ್ರಪ್ಪಾ." ಅದರ ಕೆಳಗೆ ಹಲ್ಲು ಬಿಟ್ಟು ನಗುವ ಹಳದಿ ಮುಖಗಳು, ಹದಿನೇಳು. ಎಣಿಸಿದೆ. ನಮ್ಮ ಮನೆಯಲ್ಲಿ ಹೋಳಿಗೆ ಉಂಡು ಕೈ ತೊಳೆದವರೇ ಎಲ್ಲ.

ಇದೇ ದಿನೇಶ್ ಹೋದ ವರ್ಷ ಸ್ಟೇಜಿನ ಮೇಲೆ ಇವರ ಕಾಲಿಗೆ ಬಿದ್ದು "ನಮ್ಮ ಕೂಟದ ಜ್ಞಾನಭಂಡಾರ" ಎಂದಿದ್ದ. ನಾಚಿಕೆ ಬೇಡವೇ? ತಪ್ಪಾಗಿದ್ದರೆ ಮನೆಗೆ ಬಂದು ಮುಖ ನೋಡಿ ತಪ್ಪು ಅನ್ನಲಿ. ನಾನೇ ಮೂವತ್ತು ವರ್ಷದಿಂದ ಅನ್ನುತ್ತಿದ್ದೇನೆ, ಅಡುಗೆ ಮನೆಯಲ್ಲಿ, ಎದುರಿಗೆ. ಅದು ಬೇರೆ.

ಇವರು ಸ್ನಾನಕ್ಕೆ ಹೋಗಿದ್ದಾಗ ಇವರ ಫೋನ್ ತೆಗೆದು ಆ ಮೆಸೇಜನ್ನೂ ಅದರ ಕೆಳಗಿನ ಮುಖಗಳನ್ನೂ ಅಳಿಸಿದೆ. ಗ್ರೂಪನ್ನು ಮ್ಯೂಟ್ ಮಾಡಿದೆ. ಇನ್ನೊಬ್ಬರ ಫೋನ್ ಮುಟ್ಟಿದ್ದು ಜನ್ಮದಲ್ಲಿ ಮೊದಲು.

೩೦ ಸೆಪ್ಟೆಂಬರ್, ಮಂಗಳವಾರ

ಪೇಪರನ್ನು ಮತ್ತೆ ಓದಿದೆ, ಈ ಸಲ ಕೆಂಪು ಪೆನ್ನು ಹಿಡಿದು. ಒಂದು ಮಾತು ಯಾರೂ ಗಮನಿಸಿಲ್ಲ. ಎಲುಬಿಗೆ ಬಾಯಿಲ್ಲ. ಯಾಕೂಟಿಯಾದಲ್ಲಿ ಸತ್ತವನು ಯಾವ ಭಾಷೆ ಆಡುತ್ತಿದ್ದ ಎಂದು ಅವನ ಡಿಎನ್‌ಎ ಹೇಳುವುದಿಲ್ಲ. ಪೇಪರ್ ಬರೆದವರು ವಂಶದ ಜಾಡು ತೋರಿಸಿದ್ದಾರೆ, ಭಾಷೆ ಅದರ ಜೊತೆ ಬಂತು ಎಂಬುದು ಬಲವಾದ ಅನುಮಾನ, ಅಷ್ಟೇ. ಒಂದು ವಂಶ ಇನ್ನೊಬ್ಬರ ಭಾಷೆ ಕಲಿಯುವುದಿಲ್ಲವೇ? ನಮ್ಮ ಮಕ್ಕಳೇ ಕಲಿತು ಕೂತಿಲ್ಲವೇ? ಪೇಪರಿನ, ಯಾಕೂಟಿಯಾದ ಹೆಸರೆತ್ತದೆ ಇದನ್ನು ಎರಡು ಪುಟ ಟೈಪ್ ಮಾಡಿ ಸೇರಿಸಿದೆ. ಇವರು ಹೇಳಿದ್ದಲ್ಲ, ನಾನೇ.

ಇಷ್ಟಕ್ಕೇ ಬಿಡಲಿಲ್ಲ. ಇಂಟರ್ನೆಟ್ಟಿನಲ್ಲಿ ಕೆಲವರು ಈ ಪೇಪರ್ ಹಿಡಿದು ಫಿನ್‌ಗಳು ಯುರೋಪಿನವರೇ ಅಲ್ಲ ಎಂದು ಹೀಯಾಳಿಸುತ್ತಿದ್ದಾರೆ. ಹತ್ತರಲ್ಲಿ ಒಂದು ಪಾಲಿಗೆ ಇಷ್ಟು ಕೂಗಾಟ! ನೂರು ಚಿಲ್ಲರೆ ವರ್ಷದ ಹಿಂದೆ ಮಿನ್ನೆಸೋಟಾದಲ್ಲಿ ಒಬ್ಬ ಸರ್ಕಾರಿ ವಕೀಲ ಹೀಗೇ ವಾದಿಸಿದ್ದ. ಫಿನ್ನಿಶ್ ಗಣಿ ಕೆಲಸಗಾರರು ಮಂಗೋಲರು, ಬಿಳಿಯರಲ್ಲ, ಪೌರತ್ವ ಕೊಡಬಾರದು ಎಂದು. ನ್ಯಾಯಾಧೀಶ ಒಪ್ಪಲಿಲ್ಲ, ಅವರು ಗೆದ್ದರು. ಅದಾದ ಹದಿನೈದು ವರ್ಷಕ್ಕೆ ನಮ್ಮ ದೇಶದವನೊಬ್ಬನಿಗೆ ಸಿಕ್ಕಿದ್ದ ಇದೇ ಪೌರತ್ವವನ್ನು ಇಲ್ಲಿನ ಸುಪ್ರೀಂ ಕೋರ್ಟು ನೀನು ಬಿಳಿಯನಲ್ಲ ಎಂದು ಕಿತ್ತುಕೊಂಡಿತು. ಓದುತ್ತ ಓದುತ್ತ ಮೈ ಉರಿಯಿತು. ಇದಕ್ಕಿಂತ ದಾಯಾದಿತನ ಬೇಕೆ? ಇದನ್ನೂ ಟೈಪ್ ಮಾಡಿದೆ.

ಇವರು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. "ಭಾಳ ಛಲೋ ಬರದಿ" ಎಂದರು. ನನಗೆ ಹೊಗಳಿಕೆ ಬೇಕಿರಲಿಲ್ಲ.

೬ ಅಕ್ಟೋಬರ್

ಇವತ್ತು ಹತ್ತೂವರೆಯವರೆಗೆ ಕೂತೆವು. ಬೇಳೆ ಸೀದುಹೋಯಿತು.

೧೪ ಅಕ್ಟೋಬರ್, ಮಂಗಳವಾರ

ಪ್ಲಾಸ್ಟರ್ ತೆಗೆದರು. ಕೈ ಬಿಳುಚಿಕೊಂಡಿದೆ, ಬೆರಳು ಆಡುತ್ತವೆ. ಡಾಕ್ಟರು ಟೈಪಿಂಗ್ ಮಾಡಬಹುದು, ಒಳ್ಳೆಯ ವ್ಯಾಯಾಮ ಎಂದರು. ಆ ಡಾಕ್ಟರಿಗೆ ಯಾರು ಕೇಳಿದ್ದರು?

೧೫ ಅಕ್ಟೋಬರ್

ಏಳಕ್ಕೆ ಎಂದಿನಂತೆ ಕೂತೆವು. ಇವರ ಟೈಪಿಂಗ್ ಬಹಳ ನಿಧಾನ, ಒಂದು ಒತ್ತಕ್ಷರಕ್ಕೆ ಅರ್ಧ ನಿಮಿಷ. ನಾನೇ ಮಾಡಿದೆ.

೨೦ ಅಕ್ಟೋಬರ್, ಸೋಮವಾರ

ಆಹ್ವಾನಪತ್ರಿಕೆ ಬಂತು. ರೇವಣಪ್ಪನವರ ಹೆಸರಿನ ಕೆಳಗೆ ಇನ್ನೊಂದು ಹೆಸರು: "ಪ್ರತಿಸ್ಪಂದನ: ಇಂಚರ." ಈ ಇಂಚರ ಡೆಟ್ರಾಯಿಟ್ ಕಡೆಯ ಹುಡುಗಿ, ಜೆನೆಟಿಕ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಅಂದರೆ ಇವರು ಮಾತು ಮುಗಿಸುವುದು, ಆ ಹುಡುಗಿ ಎದ್ದು ಪೇಪರಿನ ಸ್ಲೈಡ್ ಹಾಕುವುದು, ಮುನ್ನೂರು ಜನ ನಗುವುದು, ಆಮೇಲೆ ಶಾಲು ಹೊದಿಸಿ ಊಟಕ್ಕೆ ಕರೆಯುವುದು. ಎಷ್ಟು ಚಂದದ ಏರ್ಪಾಡು!

ಇವರಿಗೆ ತೋರಿಸಿದೆ. "ಛಲೋ ಆತು, ಯಾರರ ಪ್ರಶ್ನೆ ಕೇಳಬೇಕಲ್ಲ" ಎಂದು ಫೋನ್ ಹಿಡಿದು ವಾಕಿಂಗ್ ಹೊರಟರು. ಇತ್ತೀಚೆಗೆ ಬಡಾವಣೆ ಸುತ್ತುತ್ತ ಯಾರ ಜೊತೆಗೋ ಮಾತಾಡುತ್ತಲೇ ಇರುತ್ತಾರೆ. ಗದಗಿನ ತಮ್ಮ ಸೋಮು ಇರಬೇಕು. ಪಾಪ, ನಮ್ಮವರು, ಏನೂ ತಿಳಿಯದ ಮನುಷ್ಯ.

ಇವರು ಮೂಲೆ ತಿರುಗಿದ ಕೂಡಲೇ ದಿನೇಶ್‌ಗೆ ಫೋನ್ ಮಾಡಿದೆ.

"ಆಂಟಿ, ಇದು ಜಸ್ಟ್ ಡಿಸ್ಕಶನ್. ಪಾಪ ಅವಳು ತುಂಬಾ ಪ್ರಿಪೇರ್ ಮಾಡಿದಾಳೆ."

"ನಿಮ್ಮ ಸ್ವೆಟರ್ ಮೆಸೇಜ್ ನನ್ನ ಕಡೆ ಐತಿ ದಿನೇಶ್. ಸ್ಟೇಜ್ ಮ್ಯಾಲೆ ನಿಂತು ಓದ್ಲೇನು? ಆ ಹುಡುಗಿ ಹೆಸರ ತಗೀರಿ. ಪ್ರಶ್ನೋತ್ತರನೂ ಬ್ಯಾಡ."

"ಆಯ್ತು ಆಂಟಿ, ಟೈಮ್ ಇಲ್ಲ ಅಂತ ಅವಳಿಗೆ ಹೇಳ್ತೀನಿ" ಎಂದ.

ಸಂಜೆ ಹೊಸ ಆಹ್ವಾನಪತ್ರಿಕೆ ಬಂತು, ಆ ಹೆಸರಿಲ್ಲದೆ. ಕಂಡು ಸಮಾಧಾನ ಆಗಬೇಕಿತ್ತು. ನನ್ನ ವಿಭಾಗದಲ್ಲಿ ಹೊಸದಾಗಿ ಸೇರಿದ ಹುಡುಗಿಯರ ಹೆಸರನ್ನು ಹಿರಿಯರು ಹೀಗೆ ತೆಗೆದಾಗ ನಾನು ಜಗಳಕ್ಕೆ ಹೋಗಿದ್ದು ನೆನಪಿದೆ. ಈ ಸಂದರ್ಭ ಬೇರೆ. ಅವರು ಹೆದರಿ ತೆಗೆಸುತ್ತಿದ್ದರು, ನಾನು ಒಬ್ಬರನ್ನು ಕಾಪಾಡಲು ತೆಗೆಸಿದೆ.

೨೯ ಅಕ್ಟೋಬರ್

ಇಪ್ಪತ್ತೆರಡು ಪುಟವಾಯಿತು. ಹನ್ನೆರಡು ಇವರದು, ಹತ್ತು ನನ್ನದು. ಪ್ರಿಂಟ್ ತೆಗೆದು ಕೊಟ್ಟೆ. ಇವರು ಹಾಳೆಗಳನ್ನು ಮೇಜಿನ ಮೇಲೆ ಕುಟ್ಟಿ ಸಮ ಮಾಡಿ, ಮತ್ತೆ ಕುಟ್ಟಿ, ಏನೋ ಹೇಳಲು ಬಾಯಿ ತೆಗೆದರು.

"ಗುರುದೇವಿ, ಒಂದು ಮಾತು..."

"ಏನು, ಎಲ್ಲಿ ತಪ್ಪೈತಿ?"

"ಏನಿಲ್ಲ. ನಾಳೆ ಏಳಕ್ಕ ಒಮ್ಮೆ ಪೂರ್ತಿ ಓದೂಣು."

೩ ನವೆಂಬರ್

ಮುಗಿದ ಮೇಲೂ ನಾಲ್ಕು ಸಲ ಓದಿಸಿದರು. ಇನ್ನೂ ಎಷ್ಟು ಸಲ ಎಂದು ಬೈದೆ. ಬೈದು ಓದಿದೆ.

೭ ನವೆಂಬರ್, ಶುಕ್ರವಾರ. ಮಿಶಿಗನ್

ನಮ್ಮ ಊರು ಡೌನರ್ಸ್ ಗ್ರೋವ್‌ನಿಂದ ಇನ್ನೂರ ತೊಂಬತ್ತು ಮೈಲು, ನಾನೇ ಡ್ರೈವ್ ಮಾಡಿದೆ. ಮಿಶಿಗನ್ನಿಗೆ ಬಂದ ಕೂಡಲೇ ಗಡಿಯಾರ ಮುಂದಕ್ಕೆ ಹಾರಿ ಒಂದು ಗಂಟೆ ಕಳೆದುಹೋಗುತ್ತದೆ, ಅದಕ್ಕೂ ಸಿಟ್ಟು ಬಂತು. ದಾರಿಯುದ್ದಕ್ಕೂ ಹೇಳಲೇ ಎಂದುಕೊಂಡೆ. ಕಲಮಜೂ ಎಕ್ಸಿಟ್ ಬಂದಾಗ ಹೇಳುತ್ತೇನೆ, ಕಾಫಿಗೆ ನಿಲ್ಲಿಸಿದಾಗ ಹೇಳುತ್ತೇನೆ. ಇವರು ಪಕ್ಕದಲ್ಲಿ ಕೂತು ನನ್ನ ಹತ್ತು ಪುಟ ಓದುತ್ತಿದ್ದರು.

ಎಂಟು ವಾರ ರಿಪೋರ್ಟ್ ತಡೆದಿದ್ದೇನೆ. ಪೇಪರಿನ ಪ್ರಿಂಟ್ ಕೈಚೀಲದಲ್ಲಿದೆ. ಯಾಕೆ ತಂದೆನೋ ಗೊತ್ತಿಲ್ಲ. ಇವರಿಗೆ ಹೊಸ ಷರ್ಟ್ ಚೆನ್ನಾಗಿ ಒಪ್ಪುತ್ತದೆ.

೯ ನವೆಂಬರ್, ಭಾನುವಾರ. ಮನೆ

ನಿನ್ನೆಯದನ್ನು ಸಿಟ್ಟು ಆರುವ ಮೊದಲೇ ಬರೆದಿಡಬೇಕು.

ಮಿಡ್ಲ್ ಸ್ಕೂಲಿನ ಆಡಿಟೋರಿಯಂ ತುಂಬಿತ್ತು. ನಾಡಗೀತೆ, ಮಕ್ಕಳ ಕೋಲಾಟ, ಆಮೇಲೆ ದಿನೇಶ್ ಮೈಕ್ ಹಿಡಿದು "ಈಗ ನಮ್ಮೆಲ್ಲರ ಪ್ರೀತಿಯ ಅಂಕಲ್" ಎಂದ. ಹಿಂದಿನ ಸಾಲಿನಲ್ಲಿ ಯಾರೋ ಸ್ವೆಟರ್ ಎಂದು ಪಿಸುಗುಟ್ಟಿ ನಕ್ಕರು. ತಿರುಗಿ ನೋಡಿದೆ. ಬಾಯಿ ಮುಚ್ಚಿದರು.

ಇವರು ಸ್ಟೇಜಿನ ಮೇಲೆ ನಿಂತು ಇಪ್ಪತ್ತೆರಡು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ನಾ ನಲವತ್ತು ವರ್ಷ ಒಂದ ಮಾತು ಹೇಳಿಕೋತ ಬಂದೆ. ಫಿನ್ಲೆಂಡಿನವರು ನಮ್ಮ ದಾಯಾದಿಗಳು ಅಂತ. ಅದು ತಪ್ಪು. ಎಷ್ಟು ತಪ್ಪು ಅನ್ನೂದನ್ನ ಇವತ್ತ ನಾನ ಹೇಳತೀನಿ, ಬ್ಯಾರೆಯವರಿಗೆ ಯಾಕ ತ್ರಾಸು."

ಯಾರೂ ನಗಲಿಲ್ಲ. ಇವರು ಯಾಕೂಟಿಯಾ ಹೇಳಿದರು, ಲೀನಾ ನದಿ ಹೇಳಿದರು, ನೂರೆಂಬತ್ತು ಅಸ್ಥಿ ಹೇಳಿದರು. ಹತ್ತರಲ್ಲಿ ಒಂದು ಪಾಲು ಹೇಳಿದರು. ನಾನು ಎಂಟು ವಾರ ಬಚ್ಚಿಟ್ಟದ್ದನ್ನೆಲ್ಲ ಒಂದೊಂದಾಗಿ, ಗೇರ್ ಬಿಚ್ಚಿ ತೋರಿಸುವ ಹಾಗೆ ಬಿಡಿಸಿ ಹೇಳಿದರು. ಕೈಚೀಲದ ಮೇಲೆ ಕೈಯಿಟ್ಟು ಕೂತೆ. ತಲೆ ಎತ್ತಲಾಗಲಿಲ್ಲ.

"ಇದನ್ನ ನನಗ ತಿಳಿಸಿ ಹೇಳಿದಾಕಿ ಇಂಚರ. ಸೆಪ್ಟೆಂಬರ್‌ದಾಗ ತಾನ ಫೋನ್ ಮಾಡಿ, ಅಂಕಲ್ ನಿಮಗ ಬೇಜಾರಾಗಬಾರದು ಅಂತ ಕೇಳಿ, ವಾರಕ್ಕ ಎರಡು ಸಲ ಹೇಳಿಕೊಟ್ಟಳು. ನಾ ವಾಕಿಂಗ್ ಹೋದಾಗ. ಇಲ್ಲಿ ನನ್ನ ಬಾಜೂಕ ಕೂಡಬೇಕಾಗಿತ್ತು. ಹೆಸರ ಯಾಕೋ ಬಿಟ್ಟು ಹೋಗೇತಿ. ಬಾರವಾ ಮ್ಯಾಲೆ."

ಐದನೇ ಸಾಲಿನಿಂದ ಒಬ್ಬ ತೆಳ್ಳನೆಯ ಹುಡುಗಿ ಎದ್ದು ಸ್ಟೇಜ್ ಹತ್ತಿದಳು. ಕೈಯಲ್ಲಿ ಅವಳ ಲ್ಯಾಪ್‌ಟಾಪ್. ಟೈಮ್ ಇಲ್ಲ ಎಂದು ಹೇಳಿಸಿಕೊಂಡ ಮೇಲೂ ತಂದಿದ್ದಳು.

ಆಮೇಲೆ ಇವರು ಜೇಬಿನಿಂದ ಒಂದೇ ಹಾಳೆ ತೆಗೆದು ಓದಿದರು, ಟೊಯ್ವೊ ತಾಯಿಗೆ ಫೋನ್ ಮಾಡಿದ ಹಾಳೆ. ಓದಿ, "ನನ್ನ ಹಿರೀಕರಿಗೂ ಅವನ ಹಿರೀಕರಿಗೂ ಪರಿಚಯನ ಇದ್ದಿದ್ದಿಲ್ಲ. ಪರಿಚಯ ಆಗಿದ್ದು ನಮ್ಮಿಬ್ಬರಿಗೆ, ಇಲ್ಲೇ ವಾರೆನ್‌ದಾಗ" ಎಂದು ಮುಗಿಸಿದರು. ಮೊದಲು ಚಪ್ಪಾಳೆ ಹೊಡೆದವನು ದಿನೇಶ್. ಅವನ ಮುಖಕ್ಕಿಷ್ಟು!

ಊಟದ ಸಾಲಿನಲ್ಲಿ ಇಂಚರಳನ್ನು ಹುಡುಕಿದೆ.

"ನಿನ್ನ ಹೆಸರ ತಗಸಿದಾಕಿ ನಾನು" ಎಂದೆ. "ದಿನೇಶ್ ಅಲ್ಲ, ಟೈಮ್ ಅಲ್ಲ. ನಾನು. ತಪ್ಪು ಮಾಡಿದೆ."

ಹುಡುಗಿ ತಟ್ಟೆ ಹಿಡಿದು ನನ್ನನ್ನೇ ನೋಡಿದಳು. "ಐ ವಾಸ್ ರಿಯಲಿ ಅಪ್‌ಸೆಟ್, ಆಂಟಿ" ಎಂದಳು. ಪರವಾಗಿಲ್ಲ ಅನ್ನಲಿಲ್ಲ. ಸರಿಯಾಗಿಯೇ ಮಾಡಿದಳು.

ಇವತ್ತು ವಾಪಸು ಬರುವಾಗ ನೂರು ಮೈಲು ನಾನು ಮಾತಾಡಲಿಲ್ಲ. ಆಮೇಲೆ ತಡೆಯಲಾಗಲಿಲ್ಲ.

"ಸೆಪ್ಟೆಂಬರ್‌ದಾಗ ಗೊತ್ತಿತ್ತು!"

"ಹೂಂ."

"ದಿನೇಶ್‌ನ ಸ್ವೆಟರ್ ಮೆಸೇಜು?"

"ನೀ ಅಳಸೂಕಿಂತ ಮೊದಲ ನೋಡಿದ್ದೆ."

ಸ್ಟಿಯರಿಂಗ್ ಬಿಟ್ಟು ಅವರ ಕಡೆ ತಿರುಗುವಷ್ಟು ಸಿಟ್ಟು ಬಂತು. ಎಂಟು ವಾರ! ನಾನು ಊಟ ಸೇರದೆ, ಅನುಜ್‌ಗೆ ಉತ್ತರ ಬರೆಯದೆ, ಒಬ್ಬ ಹುಡುಗಿಗೆ ಅನ್ಯಾಯ ಮಾಡಿ, ನನ್ನ ಮೂವತ್ತೊಂದು ವರ್ಷದ ನಿಯಮ ಮುರಿದು ಈ ಮನುಷ್ಯನನ್ನು ಕಾಪಾಡುತ್ತಿದ್ದೆ. ಇವರು ಆರಾಮಾಗಿ ಕೂತು ನನ್ನ ಕೈಯಲ್ಲಿ ಹತ್ತು ಪುಟ ವಕೀಲಿಕೆ ಬರೆಸಿಕೊಂಡರು!

"ತಪ್ಪು ಅಂತ ಗೊತ್ತಿದ್ದೂ ನನ್ನ ಕಡೆ ಯಾಕ ಟೈಪ್ ಮಾಡಿಸಿದ್ರಿ? 'ಗುರುದೇವಿ, ಇದು ಮುಗೀತು' ಅಂತ ಒಂದು ಮಾತು ಹೇಳಾಕ ಏನಾಗಿತ್ತು?"

ಇವರು ಕನ್ನಡಕ ತೆಗೆದು ಒರೆಸಿಕೊಂಡರು.

"ಹೇಳಿದ್ರ ನೀ ಎದ್ದು ಹೋಗ್ತಿದ್ದಿ" ಎಂದರು. "ಮದುವಿ ಆಗಿ ನಲವತ್ಮೂರು ವರ್ಷಾತು. ನನ್ನ ಬಾಜೂಕ ಕುಂತು ನೀ ಒಂದು ಹಾಳಿ ಓದಿದ್ದಿಲ್ಲ. ದಿನಾ ಮುಂಜಾನಿ ಏಳಕ್ಕ ಬಂದು ಕುಂದ್ರಾಕತ್ತಿ. ನನಗ ಫಿನ್ಲೆಂಡ್ ಹೋದ್ರೂ ಹೋಗವಲ್ದ್ಯಾಕ ಅನಿಸ್ತು. ಇನ್ನೊಂದು ದಿನ, ಇನ್ನೊಂದು ದಿನ ಅಂತ ಸುಮ್ಮನಾದೆ."

ಕಣ್ಣು ಮಂಜಾಯಿತು. ಡ್ರೈವ್ ಮಾಡುವವರ ಹತ್ತಿರ ಇಂಥ ಮಾತಾಡುವುದೇ? ಬುದ್ಧಿ ಬೇಡವೇ? ಮುಂದಿನ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಚೆನ್ನಾಗಿ ಬೈದೆ. ಎಲ್ಲ ಬೈಗಳನ್ನೂ ಕೇಳಿಸಿಕೊಂಡು, ಕಾಫಿ ತಂದುಕೊಟ್ಟರು, ಆ ಇನ್ನೂ ಗಟ್ಟಿಯಾಗದ ಬಲಗೈಯಲ್ಲೇ. ಅರ್ಧ ಚೆಲ್ಲಿತ್ತು.

೧೦ ನವೆಂಬರ್, ಸೋಮವಾರ

ಹೊರಗೆ ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಏಳಕ್ಕೆ ಚಹಾ ಮಾಡಿ ಎರಡು ಕಪ್ ಮೇಜಿನ ಮೇಲಿಟ್ಟು ಕಂಪ್ಯೂಟರ್ ತೆರೆದು ಕೂತೆ. ಏಳೂಕಾಲು ಆಯಿತು. ಏಳೂವರೆ ಆಯಿತು. ಮನುಷ್ಯನ ಸುಳಿವಿಲ್ಲ. ಹೋಗಿ ನೋಡಿದರೆ ಮುಸುಕು ಹಾಕಿ ಮಲಗಿದ್ದಾರೆ! ಇದಕ್ಕಿಂತ ಅವಮಾನ ಇನ್ನೇನಿದೆ? ಮುಸುಕು ಎಳೆದೆ.

"ಇನ್ನೇನೈತಿ ಗುರುದೇವಿ, ಎಲ್ಲಾ ಮುಗೀತಲ್ಲ" ಎಂದರು. "ತಪ್ಪು ಅಂತ ಗೊತ್ತಾತು."

"ಫಿನ್ಲೆಂಡಿನವರು ಯಾರು ಅನ್ನೂದು ಗೊತ್ತಾತು. ನಾವು ಯಾರು ಅನ್ನೂದು ಯಾವಾಗ ಬರೀತೀರಿ? ಏಳ್ರಿ."

"ಕೈ ನೆಟ್ಟಗಾಗೇತಿ. ಬೇಕಾದ್ರ ನಾನ ಟೈಪ್ ಮಾಡ್ಕೋತೀನಿ."

"ನಿಮ್ಮ ಟೈಪಿಂಗ್ ನನಗ ಗೊತ್ತೈತಿ. ಏಳ್ರಿ ಅಂದೆ."

ಎದ್ದು ಬಂದರು. ಚಹಾ ಆರಿತ್ತು, ಮತ್ತೆ ಕಾಸಿದೆ.